ತನಿಖೆ ಮುಗಿದ ಮೇಲೆ



ಯುದ್ಧಕಾಲದ ಮಾನವ ಹಕ್ಕು ಉಲ್ಲಂಘನೆಯ ಆರೋಪಗಳ ತನಿಖೆ, ಆ ತನಿಖೆಯ ಮೇಲೆ ಹೊರಜಗತ್ತು ಇಡುವ ನಿಗಾ: ಇದು ನನಗೆ ಒಪ್ಪಿಸಿದ ವಿಷಯ. ಶ್ರೀಲಂಕೆಯನ್ನೋ ಬೋಸ್ನಿಯಾವನ್ನೋ ಹಿಡಿದು ಒಂದು ಗಂಟೆ ಮಾತಾಡುವುದು ಕಷ್ಟವಲ್ಲ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿನ ಜನರ ಎದುರು ನಿಂತು ಮಾದಪ್ಪನ ಬೆಟ್ಟದಲ್ಲಿ ನಡೆದದ್ದನ್ನು ಬಿಟ್ಟು ಮಾತಾಡುವುದು ನನಗೆ ಸರಿಕಾಣಲಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಮ್ಮಲ್ಲಿ ನಡೆದದ್ದು ಕಾನೂನಿನ ಅರ್ಥದಲ್ಲಿ ಯುದ್ಧವಲ್ಲ. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯುವ ಕಾರ್ಯಾಚರಣೆಗೆ ಜಿನೀವಾ ಒಪ್ಪಂದಗಳು ಅನ್ವಯಿಸುವುದಿಲ್ಲ. ಆದರೆ ಗೋಪಿನಾಥಂ, ಪೊನ್ನಾಚಿ, ಮಾರ್ಟಳ್ಳಿ, ನಲ್ಲೂರು ಕಡೆಯ ಹಳ್ಳಿಗಳ ಜನ ಆ ವರ್ಷಗಳನ್ನು ಕಳೆದದ್ದು ಯುದ್ಧಭೂಮಿಯಲ್ಲಿರುವವರಂತೆಯೇ. ಹಗಲು ಪೊಲೀಸರ ಭಯ, ರಾತ್ರಿ ಕಾಡಿನವರ ಭಯ. ಚಿತ್ರಹಿಂಸೆಯ ನಿಷೇಧಕ್ಕಾದರೋ ಯುದ್ಧ ಬೇರೆ, ಶಾಂತಿ ಬೇರೆ ಎಂಬ ಭೇದವೇ ಇಲ್ಲ. 1979ರಲ್ಲಿ ಭಾರತ ಸೇರಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ, ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡಲಾಗದ ಹಕ್ಕುಗಳಲ್ಲಿ ಅದೂ ಒಂದು.

ಪೊಲೀಸರ ಮತ್ತು ಅರಣ್ಯ ಸಿಬ್ಬಂದಿಯ ಸಾವನ್ನು ಮರೆತು ಈ ವಿಷಯ ಎತ್ತುವ ಹಕ್ಕು ಯಾರಿಗೂ ಇಲ್ಲ. 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಹತ್ಯೆಯಾಯಿತು. ಗೋಪಿನಾಥಂ ಜನರ ನಡುವೆ ಇದ್ದು, ಅವರ ವಿಶ್ವಾಸ ಗಳಿಸಿದ್ದ ಮನುಷ್ಯ ಅವರು. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. 2002ರಲ್ಲಿ ಕಾಮಗೆರೆಯಿಂದ ಅಪಹರಣಕ್ಕೊಳಗಾದ ಮಾಜಿ ಸಚಿವ ಎಚ್. ನಾಗಪ್ಪ ಅವರು ಹೆಣವಾಗಿ ಸಿಕ್ಕಿದರು. ಇವರೆಲ್ಲರ ಮನೆಗಳ ದುಃಖ ಈ ಸಭೆಯದೂ ಹೌದು.

ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಕಾಡಿಗಿಳಿದದ್ದು ಈ ಹತ್ಯೆಗಳ ನಡುವೆ. ಹಂತಕ ಕಾಡಿನೊಳಗಿದ್ದ, ಕೈಗೆ ಸಿಕ್ಕಿದವರು ಕಾಡಂಚಿನ ಜನ. ಅಕ್ಕಿ ಕೊಟ್ಟವನೆಂದು, ದಾರಿ ತೋರಿದವನೆಂದು, ಬರೀ ಸಂಬಂಧಿಕನೆಂದು ಹಿಡಿದೊಯ್ದರು. ಗಂಡ ಸಿಗದಿದ್ದರೆ ಹೆಂಡತಿಯನ್ನು ಒಯ್ದರು. ತಮಿಳು ಮಾತಾಡುವ ಕೃಷಿಕರು, ಕನ್ನಡ ಮಾತಾಡುವ ಕೂಲಿಯವರು, ಪೋಡುಗಳ ಸೋಲಿಗರು, ಯಾರೂ ಇದರಿಂದ ಹೊರತಾಗಲಿಲ್ಲ. ಬೆಟ್ಟದ ಮೇಲಿನ ವಿಚಾರಣಾ ಶಿಬಿರಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತು. ಅಲ್ಲಿ ನೇತುಹಾಕಿ ಹೊಡೆದರು, ಕರೆಂಟ್ ಕೊಟ್ಟರು, ಹೆಂಗಸರ ಮೇಲೆ ಅತ್ಯಾಚಾರ ಎಸಗಿದರು ಎಂಬ ದೂರುಗಳು ಮಾನವ ಹಕ್ಕು ಸಂಘಟನೆಗಳ ಮೂಲಕ ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಲುಪಿದವು.

1999ರಲ್ಲಿ ಆಯೋಗ ಇಬ್ಬರ ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಒಬ್ಬರು, ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಇನ್ನೊಬ್ಬರು. ಒಳಮೀಸಲಾತಿ ವರದಿಯ ಕಾರಣಕ್ಕೆ ಸದಾಶಿವ ಅವರ ಹೆಸರು ಇಂದು ಮನೆಮಾತು. ಅದಕ್ಕೂ ಮೊದಲೇ ಅವರು ಈ ಬೆಟ್ಟದ ಜನರ ಮಾತು ಕೇಳಿಸಿಕೊಂಡಿದ್ದರು ಎಂಬುದು ಇಲ್ಲಿನ ಹುಡುಗರಿಗೇ ಗೊತ್ತಿಲ್ಲ. ಸಮಿತಿ ಎರಡೂ ರಾಜ್ಯಗಳಲ್ಲಿ ಕುಳಿತು ಸಂತ್ರಸ್ತರ ಹೇಳಿಕೆ ಪಡೆಯಿತು, ಪೊಲೀಸರ ಮಾತನ್ನೂ ಕೇಳಿತು. 2003ರ ಕೊನೆಗೆ ವರದಿ ಕೊಟ್ಟಿತು. ಆಯೋಗ ಅದರ ಮೇಲೆ ಆದೇಶ ಹೊರಡಿಸುವಾಗ 2007ರ ಜನವರಿ. ಅಷ್ಟರಲ್ಲಿ, 2004ರ ಅಕ್ಟೋಬರ್ 18ರಂದು, ವೀರಪ್ಪನ್ ಸತ್ತಿದ್ದ. ಕಾರ್ಯಾಚರಣೆಯಲ್ಲಿದ್ದವರಿಗೆ ಬಡ್ತಿ, ಬಹುಮಾನ ಸಂದಿದ್ದವು. 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ಆಯೋಗ ಎರಡೂ ಸರ್ಕಾರಗಳಿಗೆ ಹೇಳಿತು.

ನನ್ನ ತಕರಾರು ಇರುವುದು ಇದರ ಮುಂದಿನ ಭಾಗದಲ್ಲಿ. ಪರಿಹಾರ ಕೊಡಬೇಕೆಂದರೆ ಅನ್ಯಾಯವಾಗಿದೆ ಎಂದೇ ಅರ್ಥ. ಅನ್ಯಾಯವಾಗಿದ್ದರೆ ಅದನ್ನು ಮಾಡಿದವರು ಇರಲೇಬೇಕು. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಆಯೋಗಕ್ಕೆ ಪರಿಹಾರದ ದಾರಿಯೊಂದನ್ನೇ ತೋರಿಸಿಲ್ಲ. ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಲು ಶಿಫಾರಸು ಮಾಡಬಹುದು, ಹೈಕೋರ್ಟ್, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬಹುದು. ತಪ್ಪೊಪ್ಪಿಗೆ ಕಕ್ಕಿಸಲು ಹಿಂಸೆ ಕೊಡುವುದು, 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 330, 331ನೇ ಸೆಕ್ಷನ್‌ಗಳಡಿ ಬ್ರಿಟಿಷರ ಕಾಲದಿಂದಲೂ ಅಪರಾಧವಾಗಿತ್ತು. ಹೀಗಿದ್ದೂ ಬೆಟ್ಟದ ವಿಷಯದಲ್ಲಿ ಕಾರ್ಯರೂಪಕ್ಕೆ ಬಂದದ್ದು ಪರಿಹಾರ ಮಾತ್ರ. ಆ ಹಣವೂ ಬೊಕ್ಕಸದ್ದು, ಎಂದರೆ ಸಂತ್ರಸ್ತರೂ ಸೇರಿ ಎಲ್ಲರ ತೆರಿಗೆಯದ್ದು.

ಮನಸ್ಸು ಮಾಡಿದ್ದರೆ ಏನಾಗಬಹುದಿತ್ತು ಎಂದು ತಿಳಿಯಲು ಪಕ್ಕದ ಧರ್ಮಪುರಿ ಜಿಲ್ಲೆಯ ವಾಚಾತ್ತಿಯನ್ನು ನೋಡಿ. 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಅಲ್ಲೂ ಸರ್ಕಾರ ಮೊದಲು ಎಲ್ಲವನ್ನೂ ಅಲ್ಲಗಳೆಯಿತು. ಆದರೆ ಬುಡಕಟ್ಟು ಸಂಘದವರೂ ಎಡಪಕ್ಷದವರೂ ಬಿಡಲಿಲ್ಲ, ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ವಹಿಸಿತು. ಆರೋಪಿಗಳು 269. ತೀರ್ಪಿನ ಹೊತ್ತಿಗೆ 54 ಜನ ತೀರಿಹೋಗಿದ್ದರು. ಉಳಿದ 215 ಮಂದಿಯೂ 2011ರ ಸೆಪ್ಟೆಂಬರ್ 29ರಂದು ಅಪರಾಧಿಗಳೆಂದು ಸಾಬೀತಾಯಿತು. ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ತಾವೇ ಆ ಹಳ್ಳಿಗೆ ಹೋಗಿ ನೋಡಿ ಬಂದರು. 2023ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿದರು. ಮೂವತ್ತೊಂದು ವರ್ಷ ಹಿಡಿಯಿತು, ನಿಜ. ಆದರೂ ಆ ಹೆಂಗಸರು ಹೇಳಿದ್ದು ಸತ್ಯವೆಂದು ನ್ಯಾಯಾಲಯದ ದಾಖಲೆಯಲ್ಲಿ ಉಳಿಯಿತು. ನಮ್ಮ ಬೆಟ್ಟದ ಹೆಣ್ಣುಮಕ್ಕಳಿಗೆ ಅಂಥ ದಿನ ಬರಲಿಲ್ಲ.

ಇನ್ನು ಕಾಡಂಚಿನಿಂದ ಹಿಡಿದೊಯ್ದವರ ಮೇಲೆ ಭಯೋತ್ಪಾದನೆ ತಡೆ ಕಾಯ್ದೆ ಟಾಡಾದಡಿ ಹೂಡಿದ ಕೇಸು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯ ಎಂದ ಕಾಯ್ದೆ ಅದು. ‘ವರ್ಕ್‌ಶಾಪ್’ ಒಂದು ಕಡೆ, ಆ ಕಲಮು ಇನ್ನೊಂದು ಕಡೆ. ಎರಡನ್ನೂ ಒಟ್ಟಿಗಿಟ್ಟು ಯೋಚಿಸಿ. ನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರ್ಕಾರ ಮೊಕದ್ದಮೆ ಹಿಂತೆಗೆಯಲು ಹೊರಟಿತು. ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ಕಾನೂನನ್ನು. ಬೆಟ್ಟದ ಸಂತ್ರಸ್ತರು ಕೇಳುತ್ತಿರುವುದೂ ಅದನ್ನೇ. ಮುಂದೆ 2001ರಲ್ಲಿ ಟಾಡಾ ನ್ಯಾಯಾಲಯ ಬಹುಪಾಲು ಆರೋಪಿಗಳನ್ನು ಬಿಡುಗಡೆ ಮಾಡಿತು. ಜೀವಾವಧಿ ಶಿಕ್ಷೆಯಾಗಿದ್ದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಒಂಬತ್ತು ವರ್ಷ ಅವರ ಕ್ಷಮಾದಾನದ ಅರ್ಜಿ ದೆಹಲಿಯಲ್ಲಿ ಬಿದ್ದಿತ್ತು. ಅವರು ಹಿಂಡಲಗಾ ಜೈಲಿನಲ್ಲಿ ದಿನ ಎಣಿಸಿದರು. 2014ರ ಜನವರಿ 21ರಂದು ಅದೇ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅಕಾರಣವಾದ ಅತಿ ವಿಳಂಬವೂ ಚಿತ್ರಹಿಂಸೆಯೇ ಎಂದು ಹೇಳಿದ ತೀರ್ಪು ಅದು.

ಹೊರಗಿನವರ ನಿಗಾ ಏಕೆ ಬೇಕು? ಆರೋಪ ಹೊತ್ತ ಸರ್ಕಾರವೇ ತನಿಖೆಯನ್ನೂ ನಡೆಸಿ, ವರದಿಯನ್ನೂ ಇಟ್ಟುಕೊಂಡು, ಮುಂದೇನೆಂದೂ ತೀರ್ಮಾನಿಸಿದರೆ ಸಂತ್ರಸ್ತರಿಗೆ ಉಳಿಯುವುದು ಕಾಯುವುದೊಂದೇ. 2015ರಲ್ಲಿ ಅಂತರ್ಯುದ್ಧದ ಆರೋಪಗಳ ಹೊಣೆಗಾರಿಕೆಯ ನಿರ್ಣಯಕ್ಕೆ ತಾನೇ ಸಹಪ್ರಾಯೋಜಕನಾಗಿದ್ದ ಶ್ರೀಲಂಕಾ 2020ರಲ್ಲಿ ಹಿಂದೆ ಸರಿಯಿತು. ಆಗ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2021ರ ನಿರ್ಣಯದ ಮೂಲಕ ಸಾಕ್ಷ್ಯಗಳನ್ನು ಸಂಗ್ರಹಿಸಿ ಕಾಪಾಡುವ ಕೆಲಸವನ್ನು ತನ್ನ ಹೈಕಮಿಷನರ್ ಕಚೇರಿಗೇ ವಹಿಸಿತು. ಇಂದು ಕೋರ್ಟಿಲ್ಲದಿದ್ದರೂ ನಾಳೆಯ ಕೋರ್ಟಿಗಾಗಿ ಸಾಕ್ಷ್ಯ ಉಳಿಯಲಿ ಎಂಬುದು ಅದರ ಉದ್ದೇಶ. ನಮ್ಮ ದೇಶ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆ ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಒತ್ತಾಯಿಸಿತು. ಜಿನೀವಾದ ಮಾನವ ಹಕ್ಕು ಪರಾಮರ್ಶೆಗಳಲ್ಲಿ ಬೇರೆ ದೇಶಗಳು ಇದನ್ನೇ ಕೇಳುತ್ತ ಬಂದಿವೆ. ನಮ್ಮ ಮಾನವ ಹಕ್ಕು ಆಯೋಗದ ಮಾನ್ಯತೆಯ ನವೀಕರಣವನ್ನೇ ಇಂಥ ಆಯೋಗಗಳ ಅಂತರರಾಷ್ಟ್ರೀಯ ಒಕ್ಕೂಟ 2023ರಲ್ಲೂ 2024ರಲ್ಲೂ ಮುಂದೂಡಿತು. ತನಿಖೆಯಲ್ಲಿ ಪೊಲೀಸ್ ಅಧಿಕಾರಿಗಳನ್ನೇ ಬಳಸುವುದು ಅದರ ಆಕ್ಷೇಪಗಳಲ್ಲೊಂದು. ಪೊಲೀಸರಿಂದ ಪೆಟ್ಟು ತಿಂದವರು ಪೊಲೀಸರ ಮುಂದೆಯೇ ಬಾಯಿ ಬಿಡಬೇಕು ಎಂಬುದರ ಕಷ್ಟ ಈ ಬೆಟ್ಟದವರಿಗೆ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸದಾಶಿವ ಸಮಿತಿಯ ವರದಿ ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚಾಗಿ, ಸಂತ್ರಸ್ತ ಹೆಣ್ಣುಮಕ್ಕಳ ಹೆಸರು ಮರೆಮಾಡಿ, ಈ ಮೂರೂ ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಸಿಗುವಂತಾಗಬೇಕು. ಜಿಲ್ಲೆಯ ಶಾಸಕರು ಅದನ್ನು ಸದನದಲ್ಲಿ ಕೇಳಬೇಕು. ವಕೀಲರ ಸಂಘಗಳವರು ಬದುಕಿರುವ ಸಂತ್ರಸ್ತರ ಹೇಳಿಕೆಗಳನ್ನು, ಅವರ ಒಪ್ಪಿಗೆ ಪಡೆದು, ಕಾನೂನಿಗೆ ನಿಲ್ಲುವ ರೀತಿಯಲ್ಲಿ ದಾಖಲಿಸಿಡಬೇಕು. ಹುತಾತ್ಮ ಪೊಲೀಸರ, ಅರಣ್ಯ ಸಿಬ್ಬಂದಿಯ ಕುಟುಂಬದವರ ಮಾತೂ ಅದೇ ದಾಖಲೆಯಲ್ಲಿರಲಿ. ಆಗ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಈ ಕೆಲಸ ಈ ವರ್ಷವೇ ಶುರುವಾಗಲಿ.