ಮನಸ್ಸು ಬಿಚ್ಚುವ ಮುನ್ನ ಒಂದು ಪ್ರಶ್ನೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಮೈಗೆ ಜ್ವರ ಬಂದರೆ ಯಾರ ಹತ್ತಿರ ಹೋಗಬೇಕು ಎಂಬುದು ನಮಗೆಲ್ಲ ಗೊತ್ತು. ಬೋರ್ಡಿನ ಮೇಲೆ ಎಂ.ಬಿ.ಬಿ.ಎಸ್. ಎಂದು ಬರೆದಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ ಒಳಗೆ ಹೋಗುತ್ತೇವೆ. ಆದರೆ ಮನಸ್ಸಿಗೆ ಮಂಕು ಕವಿದರೆ? ಕಾಲೇಜಿಗೆ ಹೋಗುವ ಮಗ ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದರೆ? ಮದುವೆಯಾದ ಮಗಳು ಫೋನಿನಲ್ಲಿ ಮಾತಾಡುತ್ತ ಸುಮ್ಮನಾಗಿಬಿಟ್ಟರೆ? ಆಗ ಯಾರ ಬಾಗಿಲು ತಟ್ಟಬೇಕು ಎಂಬುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಊರು ಬಿಟ್ಟು ಬಂದು ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮಗೆ ಇನ್ನೂ ಒಂದು ತೊಡಕು ಇದೆ. ಆಫೀಸಿನಲ್ಲಿ ಇಂಗ್ಲಿಷು, ಮಾರುಕಟ್ಟೆಯಲ್ಲಿ ಅಲ್ಲಿನ ಭಾಷೆ ಹೇಗೋ ನಡೆಯುತ್ತದೆ. ಸಂಕಟ ಮಾತ್ರ ಕನ್ನಡದಲ್ಲೇ ಬರುತ್ತದೆ. "ಜೀವ ಹಿಂಡಿದ ಹಾಗಾಗುತ್ತೆ", "ಯಾಕೋ ಏನೂ ಬೇಡ ಅನ್ನಿಸುತ್ತೆ" ಎಂಬುದನ್ನು ಬೇರೆ ಭಾಷೆಯಲ್ಲಿ ಹೇಳಹೋದರೆ ಅರ್ಧ ಒಳಗೇ ಉಳಿದುಬಿಡುತ್ತದೆ. ಹಾಗಾಗಿ ಕನ್ನಡ ಸಂಘದ ಸಮಾರಂಭದಲ್ಲೋ ವಾಟ್ಸಾಪಿನಲ್ಲೋ "ನಮ್ಮವರೇ ಒಬ್ಬರು ಕೌನ್ಸೆಲಿಂಗ್ ಮಾಡ್ತಾರಂತೆ" ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಅರ್ಧ ಭಾರ ಇಳಿದಂತಾಗುತ್ತದೆ. ಅವರು ನಿಜಕ್ಕೂ ಒಳ್ಳೆಯವರಿರಬಹುದು. ಆದರೂ ಅವರ ಮುಂದೆ ಮನಸ್ಸು ಬಿಚ್ಚುವ ಮುನ್ನ ಒಂದು ಪ್ರಶ್ನೆ ಕೇಳಬೇಕು: "ನಿಮ್ಮ ನೋಂದಣಿ ಎಲ್ಲಿದೆ, ಸಂಖ್ಯೆ ಎಷ್ಟು?" ಇವತ್ತಿನ ನನ್ನ ಮಾತು ಈ ಒಂದು ಪ್ರಶ್ನೆಯ ಬಗ್ಗೆ.

ಮೊದಲು ಯಾರು ಯಾರು ಎಂದು ತಿಳಿದುಕೊಳ್ಳೋಣ. ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು, ವೈದ್ಯಕೀಯ ಓದಿ ಆ ಮೇಲೆ ಮನೋರೋಗದಲ್ಲಿ ಪರಿಣತಿ ಪಡೆದ ಡಾಕ್ಟರು. ಮಾತ್ರೆ ಬರೆದುಕೊಡುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದವರು. ಮಾತಿನ ಮೂಲಕ ಚಿಕಿತ್ಸೆ, ಮಾನಸಿಕ ಪರೀಕ್ಷೆಗಳು ಅವರ ಕೆಲಸ. ಇವರಲ್ಲದೆ ಆಪ್ತಸಲಹೆಗಾರರು, ಅಂದರೆ ಕೌನ್ಸೆಲರುಗಳು ಇದ್ದಾರೆ. ಗೊಂದಲವೆಲ್ಲ ಇರುವುದು ಈ ಮೂರನೆಯ ಗುಂಪಿನಲ್ಲಿ. ಎಂ.ಎ. ಮಾಡಿ ವರ್ಷಗಟ್ಟಲೆ ಪಳಗಿದವರೂ ಕೌನ್ಸೆಲರೇ, ಎರಡು ಭಾನುವಾರದ ಶಿಬಿರ ಮುಗಿಸಿ ಸರ್ಟಿಫಿಕೇಟು ತಂದವರೂ ಕೌನ್ಸೆಲರೇ.

ಕಾನೂನು ಏನು ಹೇಳುತ್ತದೆ? ಕ್ಲಿನಿಕಲ್ ಸೈಕಾಲಜಿಸ್ಟರ ವಿಷಯದಲ್ಲಿ ಸ್ಪಷ್ಟವಾಗಿಯೇ ಹೇಳುತ್ತದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಇವರಿಗೆ ಅನ್ವಯಿಸುತ್ತದೆ. ಎಲ್ಲರೂ ಇದನ್ನು ಆರ್.ಸಿ.ಐ. ಎಂದೇ ಕರೆಯುವುದು. ಅಂಗವಿಕಲರ ಪುನರ್ವಸತಿಗಾಗಿ ಬಂದ ಕಾಯಿದೆಯಲ್ಲಿ ಇವರನ್ನೂ ಸೇರಿಸಲಾಗಿದೆ. ಆರ್.ಸಿ.ಐ. ಒಂದು ಕೇಂದ್ರ ರಿಜಿಸ್ಟರು ಇಟ್ಟಿದೆ. ಅದರಲ್ಲಿ ಹೆಸರಿಲ್ಲದವರು ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ಅಂದರೆ ಇವತ್ತು ಮಹಾನಗರದಲ್ಲಿ ಒಂದು ಸಲ ಕೂತು ಮಾತಾಡುವ ಶುಲ್ಕವೂ ಆಗಲಿಕ್ಕಿಲ್ಲ. ಅದಕ್ಕೇ ಕಾನೂನು ನೋಡಿಕೊಳ್ಳುತ್ತದೆ ಬಿಡು ಎಂದು ನಾವು ನಿಶ್ಚಿಂತೆಯಿಂದ ಇರುವಂತಿಲ್ಲ.

ಇಲ್ಲಿ ನಾವು ಹೆಮ್ಮೆಪಡುವ ಸಂಗತಿಯೂ ಒಂದಿದೆ. ಈ ವೃತ್ತಿಯ ಕ್ರಮಬದ್ಧ ತರಬೇತಿ ನಮ್ಮ ದೇಶದಲ್ಲಿ ಬೇರೂರಿದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದು ನಾವೆಲ್ಲ ಬಲ್ಲ ನಿಮ್ಹಾನ್ಸ್ ಆಯಿತು. ಅಲ್ಲಿಯ ಎರಡು ವರ್ಷದ ಎಂ.ಫಿಲ್. ಪದವಿ ಬಹುಕಾಲ ಈ ವೃತ್ತಿಯ ಹೆಬ್ಬಾಗಿಲಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಡಲು ಹೇಳಿದ ಮೇಲೆ ಹೊಸ ಹೆಸರಿನ ಪದವಿಗಳು ಬರತೊಡಗಿವೆ. ಆದ್ದರಿಂದ ಹೆಸರಿನ ಮುಂದಿನ ಅಕ್ಷರಗಳನ್ನು ನೋಡಿ ತೀರ್ಮಾನಿಸುವುದಕ್ಕಿಂತ ರಿಜಿಸ್ಟರಿನ ಸಂಖ್ಯೆ ಕೇಳುವುದೇ ಮೇಲು.

ಇನ್ನು ರಾಜ್ಯಗಳ ಪಾತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇರಬೇಕು. ಆ ರಾಜ್ಯದಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟರು, ಮನೋರೋಗ ವಿಭಾಗದ ನರ್ಸುಗಳು ಮತ್ತು ಸಮಾಜ ಕಾರ್ಯಕರ್ತರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವುದು ಆ ಪ್ರಾಧಿಕಾರದ ಕೆಲಸ. ಅಂದರೆ ಮುಂಬೈಯವರು ಮಹಾರಾಷ್ಟ್ರದ ಪ್ರಾಧಿಕಾರವನ್ನೂ ಚೆನ್ನೈಯವರು ತಮಿಳುನಾಡಿನ ಪ್ರಾಧಿಕಾರವನ್ನೂ ವಿಚಾರಿಸಬಹುದು. ಯಾವ ವೃತ್ತಿಯವರೂ ತಮ್ಮ ಕ್ಷೇತ್ರದ ವ್ಯಾಪ್ತಿ ಮೀರಿ ಔಷಧಿಯನ್ನಾಗಲಿ ಚಿಕಿತ್ಸೆಯನ್ನಾಗಲಿ ಹೇಳಬಾರದು ಎಂದು ಇದೇ ಕಾಯಿದೆಯ 106ನೆಯ ಕಲಮು ಹೇಳುತ್ತದೆ. ನಿಮ್ಮ ಕೌನ್ಸೆಲರು "ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿಬಿಡಿ" ಎಂದರೆ ಎಚ್ಚರವಾಗಿರಿ. ಆ ಮಾತು ಹೇಳಬೇಕಾದವರು ಡಾಕ್ಟರೇ.

ಕೌನ್ಸೆಲರುಗಳ ಗೊಂದಲ ನೀಗಿಸಲು 2021ರಲ್ಲಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂತು. ಆರ್.ಸಿ.ಐ. ವ್ಯಾಪ್ತಿಗೆ ಸೇರದ ಮನಶ್ಶಾಸ್ತ್ರಜ್ಞರನ್ನೂ ಹಲವು ಬಗೆಯ ಸಲಹೆಗಾರರನ್ನೂ ಅದು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಪ್ರತಿ ರಾಜ್ಯವೂ ತನ್ನದೇ ಪರಿಷತ್ತು ಮಾಡಿ ರಿಜಿಸ್ಟರು ಇಡಬೇಕೆಂದು ವಿಧಿಸಿತು. ಆದರೆ ಎಲ್ಲ ರಾಜ್ಯಗಳೂ ಒಂದೇ ವೇಗದಲ್ಲಿ ನಡೆದಿಲ್ಲ. ಹಾಗಾಗಿ ಒಬ್ಬ ಕೌನ್ಸೆಲರ ಬಳಿ ಸಂಖ್ಯೆ ಇಲ್ಲ ಎಂದ ಮಾತ್ರಕ್ಕೆ ಅವರನ್ನು ತಳ್ಳಿಹಾಕಬೇಕಿಲ್ಲ. ಎಲ್ಲಿ ಓದಿದಿರಿ, ಯಾರ ಕೈಕೆಳಗೆ ಎಷ್ಟು ದಿನ ಕೆಲಸ ಕಲಿತಿರಿ, ನಿಮ್ಮ ಕೈಮೀರಿದ್ದನ್ನು ಯಾವ ಡಾಕ್ಟರಿಗೆ ಕಳಿಸುತ್ತೀರಿ ಎಂದು ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ.

"ಇಷ್ಟೆಲ್ಲ ಯಾಕೆ, ಸುಮ್ಮನೆ ಮಾತಾಡಿ ಬರುವುದು ತಾನೇ?" ಎಂದು ನೀವು ಕೇಳಬಹುದು. ನಮ್ಮ ಸಮಾಜ ಇಲ್ಲಿ ಚಿಕ್ಕದು. ಸಂಘ, ಮಠ, ಮದುವೆ ಮಂಟಪ, ಎಲ್ಲಿ ಹೋದರೂ ಅದೇ ಮುಖಗಳು. ಮಗಳು ಯಾರದೋ ಮುಂದೆ ಅತ್ತುಕೊಂಡು ಹೇಳಿದ ಮಾತು ಮೂರು ಮನೆ ದಾಟಿ ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. 2017ರ ಕಾಯಿದೆಯ 23ನೆಯ ಕಲಮು ಗುಟ್ಟು ಕಾಯುವುದನ್ನು ರೋಗಿಯ ಹಕ್ಕು ಎಂದು ಕರೆದಿದೆ. ಚಿಕಿತ್ಸೆ ಕೊಡುವವರು ತಾವು ಕೇಳಿದ್ದನ್ನು ಹೊರಗೆ ಬಿಡುವಂತಿಲ್ಲ. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ, ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದಾಗ, ಇಂಥ ಕೆಲವೇ ವಿನಾಯಿತಿಗಳಿವೆ. ಹತ್ತಿರದ ನೆಂಟರನ್ನೋ, ಹಣಕಾಸಿನ ವ್ಯವಹಾರ ಇರುವವರನ್ನೋ ಚಿಕಿತ್ಸೆಗೆ ತೆಗೆದುಕೊಳ್ಳದಿರುವುದು ಈ ವೃತ್ತಿಯ ಶಿಸ್ತು. ವೃತ್ತಿಪರ ನಡತೆಯ ಬಗ್ಗೆ ಆರ್.ಸಿ.ಐ. 1998ರಲ್ಲೇ ನಿಯಮ ಮಾಡಿದೆ. ನಡತೆ ತಪ್ಪಿದವರ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕುವ ಅಧಿಕಾರ ಅದಕ್ಕಿದೆ.

ನೋಂದಣಿಯ ಬೆಲೆ ತಿಳಿಯುವುದು ಇಲ್ಲಿಯೇ. ಹೆಸರು ರಿಜಿಸ್ಟರಿನಲ್ಲಿ ಇದ್ದರೆ ತಾನೇ ತೆಗೆದುಹಾಕುವುದು? ನೋಂದಣಿಯೇ ಇಲ್ಲದವರಿಂದ ಅನ್ಯಾಯವಾದರೆ ಪರಿಷತ್ತು ಕಿತ್ತುಕೊಳ್ಳಲು ಏನೂ ಇರುವುದಿಲ್ಲ. ಆಗ ಪೊಲೀಸು, ಗ್ರಾಹಕರ ಆಯೋಗ ಎಂದು ನೀವೇ ಅಲೆಯಬೇಕು. ಅದೂ ಮನಸ್ಸು ಸೋತಿರುವ ಹೊತ್ತಿನಲ್ಲಿ.

ದೂರದ ಊರಿನವರ ಸಹಾಯ ಪಡೆಯುವುದರ ಬಗ್ಗೆಯೂ ಒಂದು ಮಾತು. ಆರ್.ಸಿ.ಐ. ರಿಜಿಸ್ಟರು ಇಡೀ ದೇಶದ್ದು. ಹಾಗಾಗಿ ಪುಣೆಯಲ್ಲಿ ಕೂತು ಧಾರವಾಡದ ಅಥವಾ ಮೈಸೂರಿನ ತಜ್ಞರ ಜೊತೆ ವಿಡಿಯೋದಲ್ಲಿ ಕನ್ನಡದಲ್ಲಿ ಮಾತಾಡುವವರೂ ಅವರ ಸಂಖ್ಯೆಯನ್ನು ಅದೇ ರಿಜಿಸ್ಟರಿನಲ್ಲಿ ನೋಡಬಹುದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ರಾಜ್ಯದ ಲೈಸೆನ್ಸು ಬೇರೆ ಬೇರೆ. 1945ರಲ್ಲಿ ಕನೆಕ್ಟಿಕಟ್ ರಾಜ್ಯ ಇದನ್ನು ಮೊದಲು ಆರಂಭಿಸಿತು. ಸಾಮಾನ್ಯವಾಗಿ ಸಲಹೆ ಪಡೆಯುವವರು ಯಾವ ರಾಜ್ಯದಲ್ಲಿದ್ದಾರೋ ಅಲ್ಲಿಯ ಕಾನೂನು ಅನ್ವಯಿಸುತ್ತದೆ. ಇತ್ತೀಚೆಗೆ ನಲವತ್ತಕ್ಕೂ ಹೆಚ್ಚು ರಾಜ್ಯಗಳು ಸೈಪ್ಯಾಕ್ಟ್ ಎಂಬ ಒಪ್ಪಂದ ಮಾಡಿಕೊಂಡು ತಮ್ಮತಮ್ಮ ನಡುವಿನ ಗಡಿಯನ್ನು ಸಡಿಲಿಸಿವೆ. ಅಲ್ಲಿರುವ ಮಗನಿಗೆ ಬೆಂಗಳೂರಿನ ಸೈಕಾಲಜಿಸ್ಟರನ್ನು ಗೊತ್ತುಮಾಡಲು ಹೊರಟಿರುವ ತಂದೆತಾಯಿಗಳು ಈ ವಿಷಯ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಭಾಷೆಯ ವಿಷಯದಲ್ಲೂ ನಮ್ಮ ಕಾಯಿದೆ ಉದಾರವಾಗಿದೆ. ಕಾಯಿಲೆ ಏನು, ಚಿಕಿತ್ಸೆ ಏನು ಎಂಬ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ಅದು ಹೇಳುತ್ತದೆ. ಆಸ್ಪತ್ರೆಯಲ್ಲಿ ನಿಮ್ಮ ಅಮ್ಮನಿಗೆ ಹಿಂದಿ ಬಾರದಿದ್ದರೆ ಸಂಕೋಚಪಡದೆ ಕೇಳಿ. ಇನ್ನು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಿಲ್ಲ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಯಾರಾದರೂ "ಬದುಕೇ ಬೇಡ" ಎಂದು ಹೇಳುತ್ತಿದ್ದರೆ ಮಾತ್ರ ನೋಂದಣಿ ಗೀಂದಣಿ ನೋಡುತ್ತ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೋಂದಣಿ ಇದ್ದವರೆಲ್ಲ ದೇವರಲ್ಲ ಎಂಬುದು ನಿಜ. ಆದರೆ ಅವರನ್ನು ಕೇಳುವವರು ಒಬ್ಬರಿದ್ದಾರೆ ಎಂಬ ಧೈರ್ಯ ನಮಗಿರುತ್ತದೆ. ಸಂಖ್ಯೆ ಕೇಳಿದರೆ ಅವರಿಗೆ ಬೇಜಾರಾದೀತೇ, ನಮ್ಮವರನ್ನೇ ಅನುಮಾನಿಸಿದ ಹಾಗಾದೀತೇ ಎಂದು ಅಳುಕಬೇಡಿ. "ಮೇಡಂ, ನಿಮ್ಮ ನೋಂದಣಿ ಸಂಖ್ಯೆ ಹೇಳ್ತೀರಾ?" ಎಂದು ವಿನಯದಿಂದಲೇ ಕೇಳಿ. ಸಂಖ್ಯೆಯನ್ನು ಬರೆದುಕೊಂಡು ಬಂದು ಆರ್.ಸಿ.ಐ. ವೆಬ್‌ಸೈಟಿನಲ್ಲಿ ನೋಡಿ. ಆ ಮೇಲೆ ನಿಶ್ಚಿಂತೆಯಿಂದ ಮನಸ್ಸು ಬಿಚ್ಚಿ ಮಾತಾಡಿ.