ನೆನಪಿನ ಕಣಜದ ಲೆಕ್ಕ

ಮಾಹಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ಹುಡುಕಿ ತೆಗೆಯುವುದು ಕಂಪ್ಯೂಟರಿನ ಹಳೆಯ ಪದ್ಧತಿ. ದೂರವಾಣಿ ಕರೆಗಳ ಲೆಕ್ಕದಂತಹ ಕೆಲಸಕ್ಕೆ ಅಷ್ಟು ವಿಳಂಬವೂ ಸಲ್ಲದು. ಅಂತಹ ಕಡೆ ಇಡೀ ದತ್ತಸಂಚಯವನ್ನೇ ಯಂತ್ರದ ಸ್ಮೃತಿಯಲ್ಲಿ ಇರಿಸಿಕೊಂಡು ದುಡಿಸುತ್ತಾರೆ. ಟೈಮ್ಸ್‌ಟೆನ್ ಎಂಬುದು ಈ ಜಾತಿಯದು. ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ಹುಟ್ಟಿ, 1996ರಲ್ಲಿ ಸ್ವತಂತ್ರ ಸಂಸ್ಥೆಯದಾಗಿ, 2005ರಲ್ಲಿ ಒರಾಕಲ್ ಕಂಪನಿಯ ಕೈಸೇರಿತು. ಇಂತಹ ದತ್ತಸಂಚಯವನ್ನು ಕಾಯುವುದು ನನ್ನ ವೃತ್ತಿ. ಆ ಕಾವಲಿನ ಕುರಿತು ಎರಡು ಮಾತು.

ಸ್ಮೃತಿ ವೇಗವುಳ್ಳದ್ದು, ಆದರೆ ಮಿತವಾದದ್ದು. ಕಣಜ ತುಂಬಿದ ಮೇಲೆ ಒಂದು ಹಿಡಿ ಕಾಳಿಗೂ ಅಲ್ಲಿ ಎಡೆಯಿಲ್ಲ. ಹೊಸ ದಾಖಲೆಯನ್ನು ಅದು ನಿರಾಕರಿಸುತ್ತದೆ. ಎಲ್ಲಿಯೋ ಒಬ್ಬರು ಕಟ್ಟಿದ ಹಣ ಲೆಕ್ಕಕ್ಕೇರದೆ ನಿಲ್ಲುತ್ತದೆ. ಆದುದರಿಂದ ತುಂಬುವ ಮುನ್ನವೇ ತಿಳಿಯಬೇಕು. ಇದಕ್ಕೆ ಉಪಾಯವುಂಟು. ದತ್ತಸಂಚಯವು ತನ್ನ ಸ್ಥಿತಿಗತಿಯನ್ನೂ ಮಾನಿಟರ್ ಎಂಬ ಕೋಷ್ಟಕದಲ್ಲಿ, ಒಂದೇ ಸಾಲಿನಲ್ಲಿ, ದಾಖಲಿಸಿಕೊಳ್ಳುತ್ತದೆ. ಗಿರಾಕಿಯ ಖಾತೆಯನ್ನು ಯಾವ ಭಾಷೆಯಲ್ಲಿ ಕೇಳುತ್ತೇವೆಯೋ ಅದೇ ಭಾಷೆಯಲ್ಲಿ ಭಂಡಾರದ ಆರೋಗ್ಯವನ್ನೂ ವಿಚಾರಿಸಬಹುದು.

ನಾನು ಮೊದಲು ನೋಡುವುದು ಮೂರು ಅಂಕಿಗಳನ್ನು: ದಾಖಲೆಗಳಿಗೆ ಮೀಸಲಾದ ಸ್ಥಳವೆಷ್ಟು, ಈಗ ಬಳಕೆಯಲ್ಲಿರುವುದೆಷ್ಟು, ಇದುವರೆಗಿನ ಗರಿಷ್ಠ ಬಳಕೆಯೆಷ್ಟು. ಮೂರನೆಯದು, ನದಿಯ ಮೆಟ್ಟಿಲ ಮೇಲೆ ನೆರೆ ಬಿಟ್ಟುಹೋದ ಗುರುತಿನಂತೆ. ಹಗಲಿನಲ್ಲಿ ನೀರು ಇಳಿದಿರಬಹುದು. ನಡುರಾತ್ರಿ ಎಲ್ಲಿಯವರೆಗೆ ಏರಿತ್ತೆಂಬುದನ್ನು ಕಲ್ಲು ಹೇಳುತ್ತದೆ.

ಮಿಕ್ಕವು ಬಹುಪಾಲು ಎಣಿಕೆಗಳು: ಪೂರ್ಣಗೊಂಡ ವ್ಯವಹಾರಗಳೆಷ್ಟು, ರದ್ದಾದವೆಷ್ಟು, ಬೀಗಕ್ಕಾಗಿ ಕಾದದ್ದು ಎಷ್ಟು ಸಲ. ಎಣಿಕೆಯೊಂದನ್ನು ಒಮ್ಮೆ ನೋಡಿದರೆ ಏನೂ ತಿಳಿಯದು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಒಂದರಿಂದ ಇನ್ನೊಂದನ್ನು ಕಳೆದಾಗಲೇ ಅದು ಮಾತಾಡುತ್ತದೆ.

ಆದರೆ ದತ್ತಸಂಚಯವನ್ನು ಸ್ಮೃತಿಯಿಂದ ಇಳಿಸಿ ಮತ್ತೆ ಏರಿಸಿದರೆ ಈ ಎಣಿಕೆಗಳು ಸೊನ್ನೆಯಿಂದ ಮೊದಲಾಗುತ್ತವೆ. ಖಾತೆಗಳು ಡಿಸ್ಕಿನ ಪ್ರತಿಯಿಂದ ಮರಳಿ ಬರುತ್ತವೆ. ಪಟ್ಟ ಪಾಡಿನ ಕಥೆ ಬರುವುದಿಲ್ಲ. ಒಂದು ಕಚೇರಿಯಲ್ಲಿ, ಕೆಲಸ ತಡವರಿಸಿದಾಗಲೆಲ್ಲ ನಿಲ್ಲಿಸಿ ಮತ್ತೆ ಚಾಲೂ ಮಾಡುವ ರೂಢಿಯಿತ್ತು. ಪ್ರತಿಸಾರಿಯೂ ಗುಣವಾದಂತೆ ಕಾಣುತ್ತಿತ್ತು. ಪ್ರತಿಸಾರಿಯೂ ಸಾಕ್ಷ್ಯ ಅಳಿಯುತ್ತಿತ್ತು. ಆ ಒಂದು ಸಾಲನ್ನು ಆಗಾಗ ಬೇರೆಡೆ ನಕಲು ಮಾಡಿಡುವ ಏರ್ಪಾಡಾದ ಮೇಲೆಯೇ ಬೇನೆಯ ಮೂಲ ಗೋಚರಿಸಿತು: ದಿನವೂ ಒಂದೇ ಹೊತ್ತಿಗೆ ಬೀಗಗಳಿಗಾಗಿ ಕಾಯುವುದು ಹೆಚ್ಚುತ್ತಿತ್ತು. ಆ ಹೊತ್ತಿಗೆ ನಡೆಯುತ್ತಿದ್ದ ದೊಡ್ಡ ತಿದ್ದುಪಡಿಯ ಕೆಲಸವನ್ನು ಸಣ್ಣ ಸಣ್ಣ ಕಂತುಗಳಾಗಿ ಒಡೆದೆವು, ತಡವರಿಕೆ ನಿಂತಿತು.

ಯಂತ್ರ ತನ್ನ ಕಷ್ಟವನ್ನು ತಾನೇ ಬರೆದುಕೊಳ್ಳುತ್ತದೆ. ಅದು ಅಳಿಯುವ ಮುನ್ನ ಓದಿ, ಕಾದಿಡುವ ಕೆಲಸ ಮಾತ್ರ ಮನುಷ್ಯನ ಪಾಲಿಗೆ ಉಳಿದಿದೆ.