ಅಡುಗೆ ಕಟ್ಟೆ ಕಲ್ಲಿಗೆ ಒಂದು ನಿಂಬೆಹಣ್ಣು

ಪುಣೆಯ ನಮ್ಮ ಬಾಡಿಗೆ ಮನೆಯ ಅಡುಗೆ ಕಟ್ಟೆ, ಇಲ್ಲಿನವರ ಬಾಯಲ್ಲಿ ಓಟಾ, ಕಪ್ಪು ಕಡಪಾ ಕಲ್ಲಿಂದು. ನಾನು ಗ್ರಾನೈಟ್ ಅಂದ್ಕೊಂಡಿದ್ದೆ. ಊರಿಂದ ಬಂದ ಅಮ್ಮ ಗೊಜ್ಜಿಗೆ ಹುಣಸೆಹಣ್ಣು ಹಿಂಡಿದ್ರು. ರಸ ಚೆಲ್ಲಿದ ಕಡೆ ಬೆಳಗ್ಗೆ ಮಂಕಾದ ಗುರುತು. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಅದು ಕಲೆಯೇ ಅಲ್ಲ: ಕಡಪಾ ಅಂದ್ರೆ ಸುಣ್ಣಕಲ್ಲು, ಹುಳಿ ಅದರ ಪಾಲಿಶ್ ತಿಂದುಬಿಡುತ್ತೆ. ಅಮೃತಶಿಲೆಗೂ ಇದೇ ಗತಿ. ಎಂಟೆಕ್ ಓದಿದವನಿಗೆ ಇದು ಹೊಳೀಲಿಲ್ಲ! ಅಮ್ಮ ಮಾತ್ರ ಆಮೇಲೆ ಗೊಜ್ಜು ಮಾಡೋದನ್ನೇ ಬಿಟ್ರು.

ಸ್ವಂತ ಮನೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದೆ. ನೀವೂ ಅಂಗಡಿಯಿಂದ ಒಂದು ತುಂಡು ಕೇಳಿ ತನ್ನಿ. ನಿಂಬೆರಸ ಹಾಕಿ ಅರ್ಧ ಗಂಟೆ ಬಿಡಿ. ಹೊಳಪು ಹೋದ್ರೆ ಆ ಕಲ್ಲು ಬೇಡ. ನೀರು ಹೀರಿ ಕಪ್ಪಾದ್ರೆ ಸೀಲರ್ ಹಚ್ಚಿಸಿ. ದಿನಾ ಒರೆಸೋಕೆ ಸೋಪಿನ ನೀರು ಸಾಕು, ಆಸಿಡ್ ಹತ್ರಾನೂ ತರಬೇಡಿ.